ಬೆಲ್ಹಾರ್ ವಿಶ್ವಾಸ ಪ್ರಮಾಣ: ವರ್ಣಭೇದಕ್ಕೆ ಎದುರು ನಿಂತ ಕ್ರೈಸ್ತ ಸಭೆ

ದಕ್ಷಿಣ ಆಫ್ರಿಕದ ಡಚ್ ರಿಫಾರ್ಮ್ಡ್ ಮಿಷನ್ ಸಭೆ 1982ರಲ್ಲಿ ರಚಿಸಿ, 1986ರಲ್ಲಿ ಅಂಗೀಕರಿಸಿದ ನಂಬಿಕೆಯ ಘೋಷಣೆಯೇ ಬೆಲ್ಹಾರ್ ವಿಶ್ವಾಸ ಪ್ರಮಾಣ. ಕೇಪ್‌ಟೌನ್‌ನ ಬೆಲ್ಹಾರ್ ಬಡಾವಣೆಯಲ್ಲಿ ಸೇರಿದ್ದ ಸಿನಡ್, ಅಂದರೆ ಸಭೆಯ ಪ್ರತಿನಿಧಿಗಳ ಮಹಾಕೂಟ, ಅದರ ಕರಡನ್ನು ಸಿದ್ಧಪಡಿಸಿತು. ವರ್ಣಭೇದ ನೀತಿ ಬರೀ ರಾಜಕೀಯ ತಪ್ಪಲ್ಲ, ಸುವಾರ್ತೆಗೇ ಬಗೆದ ದ್ರೋಹ ಎಂಬುದು ಅದರ ತಿರುಳು.

ಪ್ರಭುಭೋಜನದಲ್ಲೇ ಪಂಕ್ತಿಭೇದ

ಬಣ್ಣ ನೋಡದೆ ಎಲ್ಲರಿಗೂ ಒಟ್ಟಿಗೇ ಪ್ರಭುಭೋಜನ (ರೊಟ್ಟಿ-ದ್ರಾಕ್ಷಾರಸದ ಸಂಸ್ಕಾರ) ಕೊಡಬೇಕೆಂದು ಕೇಪ್‌ನ ಡಚ್ ರಿಫಾರ್ಮ್ಡ್ ಸಭೆ 1829ರಲ್ಲಿ ತೀರ್ಮಾನಿಸಿತ್ತು. 1857ರ ಸಿನಡ್ ಈ ನಿಲುವನ್ನು ಸಡಿಲಿಸಿತು. ಒಟ್ಟಿಗೆ ಆರಾಧಿಸುವುದೇ ಬೈಬಲಿಗೆ ತಕ್ಕದ್ದೆಂದು ಒಪ್ಪುತ್ತಲೇ, ಕೆಲವರ ಬಲಹೀನತೆಯನ್ನು ಮುಂದೊಡ್ಡಿ ಪ್ರತ್ಯೇಕ ಆರಾಧನೆಗೆ ಅನುಮತಿ ಕೊಟ್ಟಿತು. ಆ ಬಲಹೀನರು ಯಾರು? ಕಪ್ಪು ವಿಶ್ವಾಸಿಗಳ ಪಕ್ಕದಲ್ಲಿ ಕೂರಲೊಲ್ಲದ ಬಿಳಿಯರು. ಅವರ ಪೂರ್ವಗ್ರಹಕ್ಕೆ ಸಭೆ ತೋರಿದ ಈ ಮೆದುತನದ ಬೆಲೆಯನ್ನು ತಲೆಮಾರುಗಳು ತೆತ್ತವು. ವಿನಾಯಿತಿ ಬರಬರುತ್ತ ವಾಡಿಕೆಯಾಯಿತು. 'ಕಲರ್ಡ್' ಎನಿಸಿಕೊಂಡ ಮಿಶ್ರ ವಂಶದವರಿಗಾಗಿ 1881ರಲ್ಲಿ ಬೇರೆಯೇ ಮಿಷನ್ ಸಭೆ ಹುಟ್ಟಿತು; ಮುಂದೆ ಬೆಲ್ಹಾರ್ ಪ್ರಮಾಣವನ್ನು ರಚಿಸಿದ್ದು ಇದೇ ಸಭೆ. 1948ರಲ್ಲಿ ನ್ಯಾಷನಲ್ ಪಕ್ಷ ಅಧಿಕಾರ ಹಿಡಿದು ವಿಂಗಡಣೆಯನ್ನು ಕಾನೂನು ಮಾಡಹೊರಟಾಗ, ಅದಕ್ಕೆ ಬೇಕಾದ ಧಾರ್ಮಿಕ ಸಮರ್ಥನೆ ಕೈಗೆಟುಕುವಂತಿತ್ತು.

ಒಳಗಿನಿಂದಲೇ ಎದ್ದ ದನಿ

1960ರ ಮಾರ್ಚ್ 21ರಂದು ಶಾರ್ಪ್‌ವಿಲ್‌ನಲ್ಲಿ ಪೊಲೀಸರ ಗುಂಡಿಗೆ 69 ಜನ ಬಲಿಯಾದರು. ಆ ಡಿಸೆಂಬರಿನಲ್ಲಿ ಕಾಟೆಸ್ಲೋ ಎಂಬಲ್ಲಿ ಸೇರಿದ ದಕ್ಷಿಣ ಆಫ್ರಿಕದ ಸಭೆಗಳು ವರ್ಣಭೇದದ ಮುಖ್ಯ ಆಧಾರಗಳನ್ನೇ ಪ್ರಶ್ನಿಸಿದವು. ಬಿಳಿಯ ಡಚ್ ರಿಫಾರ್ಮ್ಡ್ ಸಿನಡ್‌ಗಳು ಇದನ್ನು ತಳ್ಳಿಹಾಕಿದರೂ, ಅದೇ ಸಭೆಯ ಪಾಸ್ಟರ್ ಬೇಯರ್ಸ್ ನಾಡೆ ಹಿಂದೆ ಸರಿಯಲಿಲ್ಲ. 1963ರಲ್ಲಿ ಸಭಾಪಾಲನೆ ತೊರೆದು, ವರ್ಣಭೇದವನ್ನು ವಿರೋಧಿಸುತ್ತಿದ್ದ ಕ್ರಿಶ್ಚಿಯನ್ ಇನ್‌ಸ್ಟಿಟ್ಯೂಟ್‌ನ ಹೊಣೆ ಹೊತ್ತರು. 1977ರಲ್ಲಿ ಸರಕಾರ ಆ ಸಂಸ್ಥೆಯ ಮೇಲೂ ಅವರ ಮೇಲೂ ನಿರ್ಬಂಧ ಹೇರಿತು.

ಪ್ರಮಾಣ ಹೇಳುವುದೇನು

ಇಂಥ ಪ್ರತಿರೋಧದ ಬೆನ್ನಲ್ಲೇ ಬಂದ ಬೆಲ್ಹಾರ್, ಸಭೆಯ ಐಕ್ಯ, ಸಂಧಾನ, ನ್ಯಾಯ ಎಂಬ ಮೂರನ್ನು ಒಟ್ಟಿಗೇ ಹಿಡಿಯುತ್ತದೆ. ಜನಾಂಗದ ಹೆಸರಿನಲ್ಲಿ ಜನರನ್ನು ಬಲವಂತವಾಗಿ ಬೇರ್ಪಡಿಸುವ ಬೋಧನೆಯನ್ನು ನಿರಾಕರಿಸುತ್ತದೆ. ದೇವರು ಬಡವರ, ಅನ್ಯಾಯಕ್ಕೊಳಗಾದವರ ಪಕ್ಷದಲ್ಲಿದ್ದಾನೆ, ಸಭೆಯೂ ಅಲ್ಲೇ ನಿಲ್ಲಬೇಕು ಎನ್ನುತ್ತದೆ. ನ್ಯಾಯವನ್ನು ಬದಿಗಿಟ್ಟು ಕೈಕುಲುಕುವ ಸಂಧಾನಕ್ಕೆ ಇಲ್ಲಿ ಜಾಗವಿಲ್ಲ; ನನ್ನ ದೃಷ್ಟಿಯಲ್ಲಿ ಅದರ ಶಕ್ತಿಯಿರುವುದೇ ಇಲ್ಲಿ. ವರ್ಣಭೇದ ವಿರೋಧಿ ದೇವಶಾಸ್ತ್ರಜ್ಞರು 1985ರಲ್ಲಿ ಹೊರಡಿಸಿದ ಕೈರೋಸ್ ದಸ್ತಾವೇಜು ಇದೇ ಮಾತನ್ನು ಇನ್ನೂ ಖಾರವಾಗಿ ಆಡಿತು.

ಆಮೇಲೆ

1990ರಲ್ಲಿ ಸಭೆಗಳ ರುಸ್ಟನ್‌ಬರ್ಗ್ ಸಮಾವೇಶದಲ್ಲಿ ದೇವಶಾಸ್ತ್ರಜ್ಞ ವಿಲ್ಲಿ ಯೊಂಕರ್ ತಮ್ಮ ಹಾಗೂ ಡಚ್ ರಿಫಾರ್ಮ್ಡ್ ಸಭೆಯ ಪರವಾಗಿ ವರ್ಣಭೇದದ ತಪ್ಪನ್ನು ಒಪ್ಪಿಕೊಂಡರು. ಮುಂದೆ ಸತ್ಯ ಮತ್ತು ಸಂಧಾನ ಆಯೋಗದ ಅಧ್ಯಕ್ಷರಾದ ಡೆಸ್ಮಂಡ್ ಟುಟು ಅದನ್ನು ಅಲ್ಲಿಯೇ ಸ್ವೀಕರಿಸಿದರು. 1994ರಲ್ಲಿ ಮಿಷನ್ ಸಭೆ ಮತ್ತು ಕಪ್ಪು ಜನರ ರಿಫಾರ್ಮ್ಡ್ ಸಭೆ ಸೇರಿ ಯುನೈಟಿಂಗ್ ರಿಫಾರ್ಮ್ಡ್ ಸಭೆಯಾದವು. ಬಿಳಿಯರ ಮೂಲ ಸಭೆಯೊಂದಿಗಿನ ಪೂರ್ಣ ವಿಲೀನಕ್ಕೆ ಬೆಲ್ಹಾರ್ ಪ್ರಮಾಣವನ್ನು ಒಪ್ಪುವ ಪ್ರಶ್ನೆಯೇ ದೊಡ್ಡ ತೊಡಕಾಯಿತು. ಅಮೆರಿಕದ ಪ್ರೆಸ್ಬಿಟೇರಿಯನ್ ಸಭೆ 2016ರಲ್ಲಿ ಬೆಲ್ಹಾರನ್ನು ತನ್ನ ವಿಶ್ವಾಸ ಪ್ರಮಾಣಗಳ ಸಾಲಿಗೆ ಸೇರಿಸಿಕೊಂಡಿತು.