ದಂಡನಾಯಕನು ಬೇಡಿದ ವರ

ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಯಲ್ಲಿ ಪಂಚಕೂಟ ಬಸದಿಯ ಸಮೀಪದಲ್ಲೇ ಶ್ರೀ ಶಾಂತಿನಾಥ ಸ್ವಾಮಿಯ ಬಸದಿಯಿದೆ. ಇದು ಹೊಯ್ಸಳ ವಿಷ್ಣುವರ್ಧನನ ಮಹಾಪ್ರಧಾನ ದಂಡನಾಯಕ ಗಂಗರಾಜನ ಮಗ ಬೊಪ್ಪನ ಧರ್ಮಕಾರ್ಯ. ಆ ತಂದೆಯ ಚರಿತ್ರೆಯನ್ನು ಈ ಪ್ರತಿಷ್ಠಾ ಮಹೋತ್ಸವದ ಶುಭಸಂದರ್ಭದಲ್ಲಿ ಸ್ಮರಿಸುವುದು ಉಚಿತವೆಂದು ಭಾವಿಸುತ್ತೇನೆ.

1116ರ ಸುಮಾರಿನಲ್ಲಿ ಗಂಗರಾಜನು ಚೋಳರಿಂದ ತಲಕಾಡನ್ನು ಬಿಡಿಸಿದನು. ಅನಂತರ ಕಣ್ಣೇಗಾಲದಲ್ಲಿ ಬೀಡುಬಿಟ್ಟಿದ್ದ ಚಾಳುಕ್ಯ ಸೈನ್ಯವನ್ನು ರಾತ್ರಿ ಮುತ್ತಿ ಸೋಲಿಸಿ, ದೊರೆತ ಸಾಮಗ್ರಿ ವಾಹನಗಳನ್ನೆಲ್ಲ ಅರಸನಿಗೇ ಒಪ್ಪಿಸಿದನು. ಮೆಚ್ಚಿದ ಅರಸನು ವರವನ್ನು ಬೇಡೆಂದಾಗ, ನಾಡನ್ನೇ ಬೇಡಬಹುದಾಗಿದ್ದವನು ಪರಮ ಎಂಬ ಒಂದು ಗ್ರಾಮವನ್ನು ಬೇಡಿದನು. ಅದನ್ನೂ ತಾನಿಟ್ಟುಕೊಳ್ಳದೆ, ತಾಯಿ ಪೋಚಲದೇವಿಯೂ ಮಡದಿ ಲಕ್ಷ್ಮೀದೇವಿಯೂ ಕಟ್ಟಿಸಿದ ಜಿನಾಲಯಗಳಿಗೆ 1118ರಲ್ಲಿ ದತ್ತಿಬಿಟ್ಟನೆಂದು ಶ್ರವಣಬೆಳಗೊಳದ ಶಾಸನವು ಸಾರುತ್ತದೆ.

ವಿಷ್ಣುವರ್ಧನನು ಶ್ರೀ ರಾಮಾನುಜಾಚಾರ್ಯರ ಅನುಯಾಯಿಯಾದನೆಂಬುದು ಪ್ರತೀತಿ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯು ಇಂದಿಗೂ ಆಚಾರ್ಯರನ್ನು ನೆನಪಿಗೆ ತರುತ್ತದೆ. ಗಂಗರಾಜನಾದರೋ ಕಡೆಯವರೆಗೂ ಜಿನಭಕ್ತನಾಗಿಯೇ ಉಳಿದನು. ಆದರೂ ಅರಸನಿಗೆ ಅವನಲ್ಲಿದ್ದ ವಿಶ್ವಾಸ ಕುಗ್ಗಲಿಲ್ಲ. ಇದಕ್ಕೆ ಕಾರಣ ಅವನ ನಡತೆ.

ಆ ನಡತೆ ಎಂತಹುದೆಂಬುದು ಹಳೇಬೀಡಿನಲ್ಲಿ ತಿಳಿಯುತ್ತದೆ. ತಂದೆಯ ಸ್ಮರಣಾರ್ಥವಾಗಿ ಬೊಪ್ಪನು 1133ರಲ್ಲಿ ಅಲ್ಲಿ ಪಾರ್ಶ್ವನಾಥ ಬಸದಿಯನ್ನು ನಿರ್ಮಿಸಿದನು. ಗಂಗರಾಜನ ದೃಷ್ಟಿಯಲ್ಲಿ ಏಳು ನರಕಗಳು ಯಾವುವೆಂಬುದನ್ನು ಅಲ್ಲಿನ ಶಾಸನ ಹೇಳುತ್ತದೆ: ಸುಳ್ಳಾಡುವುದು, ಯುದ್ಧದಲ್ಲಿ ಅಂಜುವುದು, ಪರಸ್ತ್ರೀಯನ್ನು ಬಯಸುವುದು, ಮರೆಹೊಕ್ಕವರನ್ನು ಬಿಟ್ಟುಕೊಡುವುದು, ಬೇಡಿದವರನ್ನು ತಣಿಸದಿರುವುದು, ನಂಬಿದವರನ್ನು ಕೈಬಿಡುವುದು, ಸ್ವಾಮಿಗೆ ದ್ರೋಹ ಬಗೆಯುವುದು.

ಇದನ್ನು ತಿಳಿದಂದು ನಾನು ಬಹಳ ಹೊತ್ತು ಮೌನವಾಗಿದ್ದೆ. ಮಹಾ ಜಿನಭಕ್ತನೊಬ್ಬನ ಈ ಪಟ್ಟಿಯಲ್ಲಿ ಪೂಜೆ ತಪ್ಪಿಸುವ ಮಾತಿಲ್ಲ, ವ್ರತಭಂಗದ ಮಾತಿಲ್ಲ. ಏಳೂ ಜನರೊಡನೆ ನಡೆದುಕೊಳ್ಳುವ ರೀತಿಗೆ ಸಂಬಂಧಿಸಿದವು. ಮೂವತ್ತು ವರ್ಷಗಳಿಂದ ವ್ಯಾಪಾರದಲ್ಲಿರುವ ನಾನು, ಒಮ್ಮೆ ಮಳೆಯಿಲ್ಲದ ವರ್ಷ ಬಿತ್ತನೆಗೆ ಸಾಲ ಕೇಳಿ ಬಂದ ಹಳೆಯ ಗಿರಾಕಿಯನ್ನು ಬರಿಗೈಯಲ್ಲಿ ಕಳುಹಿಸಿದ್ದೆ. ಅದೇ ಸಂಜೆ ಬಸದಿಯ ದೀಪಕ್ಕೆ ಒಂದು ಡಬ್ಬ ಎಣ್ಣೆ ಒಪ್ಪಿಸಿ ತೃಪ್ತನಾಗಿದ್ದೆ. ಗಂಗರಾಜನ ಲೆಕ್ಕದಲ್ಲಿ ಆ ಎಣ್ಣೆ ಜಮೆಯಾಗದು.

ಧರ್ಮಬಂಧುಗಳೇ, ಕೃಷ್ಣರಾಜಪೇಟೆ ತಾಲ್ಲೂಕಿನ ಹೊಸಹೊಳಲಿನಲ್ಲೂ ಶ್ರೀರಂಗಪಟ್ಟಣದ ಕೋಟೆಯೊಳಗೂ ನಮ್ಮ ಹಿರಿಯರ ಬಸದಿಗಳು ನಿಂತಿವೆ. ಈಗ ನಾವೂ ಒಂದು ಬಿಂಬವನ್ನು ಪ್ರತಿಷ್ಠಾಪಿಸುತ್ತಿದ್ದೇವೆ. ಗರ್ಭಗೃಹದ ಮುಂದೆ ಕೈಮುಗಿಯುವ ನಮ್ಮನ್ನು ಅಂಗಡಿಯ ತಕ್ಕಡಿಯ ಮುಂದೆ, ಸಂಘಸಂಸ್ಥೆಗಳ ಲೆಕ್ಕಪತ್ರಗಳ ಮುಂದೆ, ನೆರೆಹೊರೆಯ ಅನ್ಯಮತೀಯರು ನೋಡುತ್ತಿರುತ್ತಾರೆ. ಜಿನಧರ್ಮವನ್ನು ಅವರು ಅರಿಯುವುದು ಅಲ್ಲಿಯೇ.