ಹೇಳದೆ ಉಳಿದ ಮಾತು

ಡಿಸೆಂಬರ್ ಒಂದು ಬಂತೆಂದರೆ ನಮ್ಮ ಶಾಲೆಯ ಮಕ್ಕಳು ಎದೆಗೆ ಕೆಂಪು ರಿಬ್ಬನ್ ಚುಚ್ಚಿಕೊಂಡು ಜಾಥಾ ಹೊರಡುತ್ತಾರೆ. ಒಮ್ಮೆ ಫಲಕ ಹಿಡಿದಿದ್ದ ಹುಡುಗಿ ಕೇಳಿದಳು: "ಮಿಸ್, ಈ ಕಾಯಿಲೆ ನಮ್ಮ ದೇಶಕ್ಕೂ ಬಂದಿದೆ ಅಂತ ಮೊದಲು ಕಂಡುಹಿಡಿದವರು ಯಾರು?" ನನಗೆ ಗೊತ್ತಿರಲಿಲ್ಲ. ಓದಿ ನೋಡಿದರೆ, ಅವರೂ ಒಬ್ಬ ವಿದ್ಯಾರ್ಥಿನಿಯೇ!

ಮದರಾಸು ಮೆಡಿಕಲ್ ಕಾಲೇಜಿನ ಸೂಕ್ಷ್ಮಜೀವಿಶಾಸ್ತ್ರ ವಿಭಾಗದ ಸೆಲ್ಲಪ್ಪನ್ ನಿರ್ಮಲಾ. ಮೂವತ್ತು ದಾಟಿದ್ದ ಗೃಹಿಣಿ, ಎರಡು ಮಕ್ಕಳ ತಾಯಿ. ಪ್ರಬಂಧಕ್ಕೆ ಈ ವಿಷಯ ಸೂಚಿಸಿದವರು ಅವರ ಗುರು ಡಾ. ಸುನೀತಿ ಸಾಲೊಮನ್. 1985ರ ಕೊನೆಯಲ್ಲಿ ನಿರ್ಮಲಾ ವೇಶ್ಯಾವೃತ್ತಿಯ ಕೇಸಿನಲ್ಲಿ ಬಂಧಿತರಾದ ಹೆಂಗಸರಿದ್ದ ಸರ್ಕಾರಿ ಗೃಹಕ್ಕೆ ಹೋಗಿ, ಕೈಗವಸೂ ಇಲ್ಲದೆ ರಕ್ತ ತೆಗೆದರು. ಇಡಲು ಬೇರೆ ಜಾಗವಿಲ್ಲದೆ ಮನೆಯ ಫ್ರಿಜ್ಜಿನಲ್ಲೇ ಮಾದರಿಗಳನ್ನು ಇಟ್ಟುಕೊಂಡರು. 1986ರ ಫೆಬ್ರವರಿಯಲ್ಲಿ ಗಂಡನೊಡನೆ ರೈಲು ಹತ್ತಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಒಯ್ದರು. ಅಲ್ಲಿ ಆರು ಮಾದರಿಗಳು ಹಳದಿ ಬಣ್ಣಕ್ಕೆ ತಿರುಗಿದವು. ದೇಶ ಬೆಚ್ಚಿಬಿತ್ತು.

ಆದರೆ ಆ ಹೆಂಗಸರಿಗೆ ಯಾವ ಪರೀಕ್ಷೆಗೆಂದು ರಕ್ತ ತೆಗೆಯುತ್ತಿದ್ದಾರೆಂದೇ ಹೇಳಿರಲಿಲ್ಲ. ಕಾಯಿಲೆ ಕಂಡದ್ದು ಅವರಲ್ಲಿ, ಕಳಂಕವೂ ಅವರದೇ ಆಯಿತು. ಅವರಿಗೆ ಕೊಟ್ಟವರಾರೆಂದು ಯಾರೂ ಕೇಳಲಿಲ್ಲ. ಸುನೀತಿ 1993ರಲ್ಲಿ ಏಡ್ಸ್ ರೋಗಿಗಳಿಗಾಗಿಯೇ ಸಂಸ್ಥೆ ಕಟ್ಟಿದಾಗ, ಅಲ್ಲಿಗೆ ಬಂದ ಹೆಂಗಸರಲ್ಲಿ ಹೆಚ್ಚಿನವರು ಗಂಡನೊಬ್ಬನನ್ನೇ ಬಲ್ಲ ಗೃಹಿಣಿಯರು.

ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. 1995ರಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಬಸ್ ನಿಲ್ದಾಣದ ಗೋಡೆಬರಹ ನೋಡಿಕೊಂಡು ಬಂದು, "ಏಡ್ಸ್ ಅಂದ್ರೇನು ಮಿಸ್?" ಎಂದಿದ್ದಳು. "ಸುಮ್ನೆ ಕೂತ್ಕೊ" ಎಂದು ಗದರಿಸಿದ್ದೆ. ಹದಿನೆಂಟಕ್ಕೇ ಅವಳ ಮದುವೆಯಾಯಿತು. ಎರಡು ವರ್ಷಕ್ಕೆ ಗಂಡ ಸತ್ತ. ಅತ್ತೆಮನೆಯವರು ಅವಳ ತಟ್ಟೆ ಲೋಟ ಬೇರೆ ಇಟ್ಟು, ಕೊನೆಗೆ ತವರಿಗೆ ಕಳಿಸಿದರು. ನೋಡಲು ಹೋದಾಗ, "ಅವತ್ತು ಕೇಳಿದ್ದೆ ಮಿಸ್" ಎಂದಳು. ಅಷ್ಟೇ. 2002ರಲ್ಲಿ ಹೋಗಿಬಿಟ್ಟಳು. ಸರ್ಕಾರ ಉಚಿತ ಔಷಧಿ ಕೊಡತೊಡಗಿದ್ದು 2004ರ ಏಪ್ರಿಲ್‌ನಲ್ಲಿ.

ತಿಳಿಸಿ ಒಪ್ಪಿಗೆ ಪಡೆಯದೆ ಈ ಪರೀಕ್ಷೆ ಮಾಡಬಾರದೆಂದು 2017ರಲ್ಲಿ ಕಾನೂನೇ ಬಂತು. ಮೇಷ್ಟ್ರುಗಳು ಮಕ್ಕಳಿಗೆ, ತಾಯಂದಿರು ಹೆಣ್ಣುಮಕ್ಕಳಿಗೆ ತಿಳಿಸಿ ಹೇಳಲು ಯಾವ ಕಾನೂನು ಬರಬೇಕು?

ಈಗ ಜಾಥಾ ಹೊರಡುವ ಮುನ್ನ ತರಗತಿಯ ಬಾಗಿಲು ಹಾಕಿಕೊಂಡು ಒಂದು ಗಂಟೆ ಕೂರುತ್ತೇವೆ. ಹುಡುಗಿಯರು ಏನು ಬೇಕಾದರೂ ಕೇಳಬಹುದು. ಯಾರನ್ನೂ ಸುಮ್ಮನೆ ಕೂರಿಸುವುದಿಲ್ಲ.