ಕಸಿಯಾದ ಮಜ್ಜೆ ಹೊಸದನ್ನು ಕಲಿಯಬಲ್ಲುದೇ: ಚರ್ಮ ಸಂವೇದನಾ ಪರೀಕ್ಷೆಯ ಮರುವಿಚಾರ

ಅಸ್ಥಿಮಜ್ಜೆ ಕಸಿಯಾದ ಕೆಲವೇ ವಾರಗಳಲ್ಲಿ ನ್ಯೂಟ್ರೋಫಿಲ್ ಎಣಿಕೆ ಏರತೊಡಗುತ್ತದೆ. ಮನೆಯವರಿಗೆ ಜೀವ ಬಂದಂತಾಗುತ್ತದೆ. ಟಿ ಕೋಶಗಳ ಚೇತರಿಕೆಗೆ ಮಾತ್ರ ತಿಂಗಳುಗಳು, ಎಷ್ಟೋ ಸಲ ವರ್ಷಗಳೇ ಹಿಡಿಯುತ್ತವೆ. ಮೊದಲು ಕಾಣಿಸಿಕೊಳ್ಳುವ ಟಿ ಕೋಶಗಳಲ್ಲಿ ಹೆಚ್ಚಿನವು ದಾನಿಯ ಪ್ರೌಢ ಕೋಶಗಳ ಸಂತಾನ. ಹೊಸ ಟಿ ಕೋಶಗಳು ಥೈಮಸ್ ಗ್ರಂಥಿಯಲ್ಲಿ ಪಳಗಿ ಬರಬೇಕು. ವಯಸ್ಕರಲ್ಲಿ ಆ ಗ್ರಂಥಿ ಬಹುಮಟ್ಟಿಗೆ ಕುಗ್ಗಿರುತ್ತದೆ.

ಆದ್ದರಿಂದ ಎಣಿಕೆಯೊಂದನ್ನೇ ನಂಬುವಂತಿಲ್ಲ. ಹುಟ್ಟಿದ ಕೂಡಲೇ ಬಿಸಿಜಿ ಹಾಕಿಸುವ ಕರ್ನಾಟಕದಂಥ ನಾಡಿನಲ್ಲಿ ಕಸಿಯ ನಂತರ ಕ್ಷಯದ ಮ್ಯಾಂಟೂ ಚರ್ಮ ಪರೀಕ್ಷೆಯ ಜಾಗ ಗಟ್ಟಿಯಾಗಿ ಊದಿಕೊಂಡರೆ, ಅದು ದಾನಿಯ ಹಳೆಯ ನೆನಪೂ ಆಗಿರಬಹುದು. ಡೈನೈಟ್ರೋಕ್ಲೋರೋಬೆಂಜೀನ್ ಎಂಬ ರಾಸಾಯನಿಕ ಹಾಗಲ್ಲ, ಸಾಮಾನ್ಯ ಬದುಕಿನಲ್ಲಿ ದೇಹ ಅದನ್ನು ಸಂಧಿಸಿರುವುದಿಲ್ಲ. ಅಸಿಟೋನಿನಲ್ಲಿ ಕರಗಿಸಿ ಮುಂಗೈಗೆ ಹಚ್ಚಿ, ಸುಮಾರು ಎರಡು ವಾರದ ಮೇಲೆ ತೀರ ಕಡಿಮೆ ಪ್ರಮಾಣದಲ್ಲಿ ಮತ್ತೆ ಹಚ್ಚಿದಾಗ, 48 ಗಂಟೆಗಳಲ್ಲಿ ಕೆಂಪೂ ಗಡಸೂ ಮೂಡಿದರೆ ಹೊಸ ಪಾಠ ಕಲಿತದ್ದು ಖಚಿತ. ಮೂಡದಿದ್ದರೆ ತೀರ್ಪು ಅಷ್ಟು ಸುಲಭವಲ್ಲ: ದಾನಿಯ ಕೋಶಗಳು ರೋಗಿಯ ದೇಹದ ಮೇಲೆಯೇ ಎರಗುವ ಜಿವಿಎಚ್‌ಡಿ, ಅದಕ್ಕೆ ಕೊಡುವ ಸ್ಟೀರಾಯ್ಡ್, ಉರಿಯೂತವನ್ನೇ ಹೊಮ್ಮಿಸಲಾಗದ ಚರ್ಮ, ಇವುಗಳಲ್ಲಿ ಯಾವುದಾದರೂ ಕಾರಣವಿದ್ದೀತು.

ಈ ವಿಧಾನದ ಬೇರು ನ್ಯೂಯಾರ್ಕಿನಲ್ಲಿದೆ. ರಾಕ್‌ಫೆಲರ್ ಸಂಸ್ಥೆಯಲ್ಲಿ ಕಾರ್ಲ್ ಲ್ಯಾಂಡ್‌ಸ್ಟೈನರ್ 1930ರ ದಶಕದಲ್ಲಿ ಸರಳ ರಾಸಾಯನಿಕಗಳಿಂದ ಗಿನಿಪಿಗ್‌ಗಳ ಚರ್ಮವನ್ನು ಸಂವೇದನೆಗೆ ಒಳಪಡಿಸಿದರು. 1942ರಲ್ಲಿ ಅವರೂ ಮೆರಿಲ್ ಚೇಸ್ ಅವರೂ ಆ ಸಂವೇದನೆಯನ್ನು ಒಂದು ಪ್ರಾಣಿಯಿಂದ ಇನ್ನೊಂದಕ್ಕೆ ದಾಟಿಸಿದ್ದು ಸೀರಮ್ಮಿನಿಂದಲ್ಲ, ಕೋಶಗಳಿಂದ. ಕಸಿಯ ತರ್ಕವೆಲ್ಲ ಆ ಪ್ರಯೋಗದಲ್ಲೇ ಅಡಗಿದೆ ಎಂಬುದು ನನ್ನ ಅಭಿಪ್ರಾಯ.

ಡೈನೈಟ್ರೋಕ್ಲೋರೋಬೆಂಜೀನ್ ಬ್ಯಾಕ್ಟೀರಿಯಾಗಳಲ್ಲಿ ವಂಶವಾಹಿ ಬದಲಾವಣೆ ತರುತ್ತದೆಂದು ಏಮ್ಸ್ ಪರೀಕ್ಷೆ ತೋರಿಸಿದೆ. ಕ್ಯಾನ್ಸರಿನಿಂದ ಪಾರಾಗಿ ಬಂದವರಿಗೆ ಅದನ್ನು ಹಚ್ಚಬಾರದು. ಆದರೆ ಅದು ಎತ್ತಿದ ಪ್ರಶ್ನೆಯನ್ನು ಕೈಬಿಡಲಾಗದು. ಅಮೆರಿಕದ ಸಮರ್‌ಸೆಟ್‌ನ ಲೆಜೆಂಡ್ ಬಯೋಟೆಕ್ ಕಂಪನಿ ರೂಪಿಸಿದ, ಆ ದೇಶದಲ್ಲಿ 2022ರ ಫೆಬ್ರವರಿಯಲ್ಲಿ ಅನುಮತಿ ಪಡೆದ ಮೈಲೋಮಾ ಎಂಬ ಪ್ಲಾಸ್ಮಾ ಕೋಶಗಳ ಕ್ಯಾನ್ಸರಿನ ಕಾರ್-ಟಿ ಚಿಕಿತ್ಸೆ (ರೋಗಿಯ ಟಿ ಕೋಶಗಳನ್ನೇ ಮಾರ್ಪಡಿಸಿ ಕೊಡುವುದು) ಆರೋಗ್ಯವಂತ ಪ್ಲಾಸ್ಮಾ ಕೋಶಗಳನ್ನೂ ಅಳಿಸುವುದರಿಂದ, ಅಲ್ಲೂ ಅದೇ ಪ್ರಶ್ನೆ ಪ್ರತಿಕಾಯಗಳ ರೂಪದಲ್ಲಿ ಎದುರಾಗುತ್ತದೆ.

ನಿಷ್ಕ್ರಿಯ ಲಸಿಕೆ ಕೊಟ್ಟು ಪ್ರತಿಕ್ರಿಯೆ ಅಳೆಯುವುದು ಇಂದಿಗೆ ಸುರಕ್ಷಿತ ದಾರಿ. ರೇಬೀಸ್ ಲಸಿಕೆಯನ್ನು ಹೊಸ ಪ್ರತಿಜನಕವಾಗಿ ಬಳಸಬಹುದು. ನಮ್ಮೂರುಗಳಲ್ಲಾದರೆ, ರೋಗಿಗಾಗಲಿ ದಾನಿಗಾಗಲಿ ನಾಯಿ ಕಚ್ಚಿ ಆ ಚುಚ್ಚುಮದ್ದು ಮೊದಲೇ ಆಗಿದೆಯೇ ಎಂದು ವಿಚಾರಿಸಿಕೊಂಡ ಮೇಲೆ.